ಹನ್ನೊಂದು ಬಾಗಿಲಿಗೆ ಬಂದ ವಿಭೂತಿ

ಆ ಮುಂಜಾನೆ ಆದವಾನಿಯ ಮೇಲೆ ಗಾಳಿ ಯಾವ ದಿಕ್ಕಿಗೆ ಹೋಗಬೇಕೆಂದು ತಿಳಿಯದೆ ನಿಂತಲ್ಲೇ ಸುತ್ತುತ್ತಿತ್ತು. ಚಳಿ ಇತ್ತು, ಬಿಸಿಲೂ ಇತ್ತು. ಕಾರ್ತಿಕದ ಕಡೆಯ ಸೋಮವಾರ. ಜಿನ್ನಿಂಗ್ ಮಿಲ್ಲುಗಳ ಕಡೆಯಿಂದ ಹತ್ತಿಯ ನವಿರು ಎಳೆಗಳು ತೇಲಿ ಬಂದು, ಎಮ್ಮೆಯ ಬೆನ್ನಿಗೂ ಒಣಗಹಾಕಿದ ಸೀರೆಗೂ ಬಸ್ಸಿಗೆ ಕಾದು ನಿಂತವರ ಮೀಸೆಗೂ ಭೇದವಿಲ್ಲದೆ ಅಂಟುತ್ತಿದ್ದವು. ಹತ್ತಿ ಬರುವ ಕಾಲಕ್ಕೆ ಈ ಊರಲ್ಲಿ ಎಲ್ಲರೂ ಹಗಲು ಅಷ್ಟಿಷ್ಟು ಮುದುಕರಾಗುತ್ತಾರೆ. ಸಂಜೆ ಮೈಮೇಲೆ ನೀರು ಬಿದ್ದರೆ ವಯಸ್ಸು ಮತ್ತೆ ಇಳಿಯುತ್ತದೆ. ಆ ದಿನ ಗಾಳಿಗೂ ಹತ್ತಿಗೂ ಶಿವ ಬೇರೆ ಏನೋ ಕೆಲಸ ಹೇಳಿ ಕಳಿಸಿದ್ದ. ಅದು ಯಾರಿಗೂ ತಿಳಿಯಲಿಲ್ಲ. ಕೊಟ್ರೇಶನಿಗಂತೂ ತಿಳಿಯಲೇ ಇಲ್ಲ.

ಕೊಟ್ರೇಶ ಹತ್ತಿ ಮಾರ್ಕೆಟ್ಟಿನ ಒಂದು ಮಂಡಿಯಲ್ಲಿ ಗುಮಾಸ್ತ. ಇಪ್ಪತ್ತೆರಡು ವರ್ಷದಿಂದ ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿ, ‘ಇದು ಆಸ್ಪರಿ ಕಡೀದು, ಇದಕ್ಕ ನೀರು ಚಿಮುಕಿಸ್ಯಾರ’ ಎಂದು ಕಣ್ಣು ಮುಚ್ಚಿ ಹೇಳಬಲ್ಲವನು. ಇದನ್ನು ನಾವು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಆ ದಿನ ಅವನು ಮರೆತ. ಒಳ್ಳೆಯವನು, ಶಿವಭಕ್ತ, ಇನ್ನೊಬ್ಬರ ಮನಸ್ಸು ನೋಯಿಸಿದವನಲ್ಲ. ಒಂದೇ ದೋಷ. ‘ನನಗ ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಗಂಟಲವರೆಗೆ ಬರುತ್ತಿತ್ತು, ಅಲ್ಲಿಂದ ಕೆಮ್ಮಾಗಿ ಹೊರಬೀಳುತ್ತಿತ್ತು.

ಅವನ ಮಾವ ಸಿದ್ದಬಸಪ್ಪನವರು ಪೆದ್ದಹರಿವಾಣಂನ ದೊಡ್ಡ ರೈತರು. ಹೋದ ವರ್ಷ ಹಳೆಯ ಮನೆ ಬಿಚ್ಚಿ ಹೊಸದು ಕಟ್ಟಿಸುವಾಗ ಅಟ್ಟದ ಸಾಗವಾನಿ ಹಲಗೆಗಳನ್ನೆಲ್ಲ ಮಗಳು ಗುರುಶಾಂತಮ್ಮನಿಗೆ ಕೊಟ್ಟರು. ಬಡಗಿ ರಾಮಾಂಜಿ ಅವನ್ನು ಕೊಯ್ದು, ಹತ್ತರಿ ಹಿಡಿದು ನಯಮಾಡಿ, ಪಾಲಿಶ್ ಕೊಟ್ಟು, ಅಡಿಗೆಮನೆಗೆ ಕಪಾಟು ಮಾಡಿದ. ಬಾಗಿಲು ಹನ್ನೆರಡು. ಹನ್ನೆರಡೇ ಯಾಕೆಂದರೆ, ಹಳೆಯ ಮನೆಯ ಅಡಿಗೆಕೋಣೆಯ ಗೋಡೆಗೂಡುಗಳ ಬಾಗಿಲಿಗೆ ಹನ್ನೆರಡು ಹಿತ್ತಾಳೆ ಉಂಗುರಗಳಿದ್ದವು. ಗುರುಶಾಂತಮ್ಮನ ತಾಯಿ ಬದುಕಿರುವವರೆಗೆ ದಿನಾ ಎಳೆದೆಳೆದು ಬಂಗಾರದ ಹಾಗೆ ನುಣುಪು ಮಾಡಿದ ಉಂಗುರಗಳು. ‘ನನ್ನ ಉಂಗುರ ನನ್ನ ಮಗಳಿಗೆ’ ಎಂದು ಆ ತಾಯಿ ಹೇಳಿಯೇ ಕಣ್ಣು ಮುಚ್ಚಿದ್ದಳು.

ಆದರೆ ಸಿದ್ದಬಸಪ್ಪನವರು ಹಲಗೆಗಳನ್ನು ಟ್ರ್ಯಾಕ್ಟರಿಗೆ ಹೇರಿಸುವಾಗ ಬೆರಳು ಎತ್ತಿದ್ದರು.

“ಕಟ್ಟಿಗಿ ಈಗ ಒಯ್ಯಿ. ಉಂಗುರ ವರ್ಷ ಆದಮ್ಯಾಲೆ. ಮೂರು ತಲಿಮಾರು ಕಂಡ ಕಟ್ಟಿಗಿ ಇದು. ನೀವು ಹೆಂಗ ನೋಡ್ಕೋತೀರಿ ನೋಡಿ, ಆಮ್ಯಾಲೆ ಕೊಡ್ತೀನಿ.”

ಹೀಗಾಗಿ ಉಂಗುರಕ್ಕೆಂದು ಕೊರೆದ ತೂತಿನಲ್ಲಿ ಪಾಯಿಜಾಮದ ಲಾಡಿ ತೂರಿಸಿ ಗಂಟು ಹಾಕಿ, ವರ್ಷವೆಲ್ಲ ಅದನ್ನೇ ಎಳೆದು ಬಾಗಿಲು ತೆಗೆದದ್ದಾಯಿತು. ಓಣಿಯವರು ಅದಕ್ಕೆ ಲಾಡಿ ಕಪಾಟು ಎಂದು ಹೆಸರಿಟ್ಟರು. ಪಕ್ಕದ ಮನೆಯ ಕಾವೇರಿಬಾಯಿಯವರು ಸಕ್ಕರೆ ಕೇಳಲು ಬಂದಾಗಲೆಲ್ಲ, “ಗುರುಶಾಂತಮ್ಮಾ, ಸಾವಕಾಶ ಎಳೀರಿ, ಬಿಚ್ಚಿ ಬಿದ್ದೀತು” ಎನ್ನುತ್ತಿದ್ದರು. ಗುರುಶಾಂತಮ್ಮ ನಗುತ್ತಿದ್ದಳು. ಆದರೆ ಪ್ರತಿ ಶನಿವಾರ ಅರಿವೆ ಹಿಡಿದು ಹನ್ನೆರಡೂ ಬಾಗಿಲನ್ನು ಒರೆಸುತ್ತ, ಉಂಗುರ ಬರುವ ದಿನವನ್ನು ಬೆರಳಲ್ಲಿ ಎಣಿಸುತ್ತಿದ್ದಳು.

ಕೊಟ್ರೇಶ ಒರೆಸುತ್ತಿರಲಿಲ್ಲ. ಫೋನಿನಲ್ಲಿ ಮಾತ್ರ, “ವಾರಕ್ಕೊಮ್ಮಿ ನಾನ ಖುದ್ದು ನೋಡ್ಕೋತೀನಿ ಮಾವಾರ. ಫುಲ್ ಸೈಂಟಿಫಿಕ್ಕು” ಎನ್ನುತ್ತಿದ್ದ.

ಆ ವರ್ಷ ತುಂಬಿದ್ದು ಈ ಸೋಮವಾರಕ್ಕೆ. ಹನ್ನೊಂದು ಗಂಟೆಗೆ ಮಾವ ಬರುವವರು. ಗುಡಿಯ ಅಭಿಷೇಕಕ್ಕೆ ಹೊರಟ ಗುರುಶಾಂತಮ್ಮ ಹೊಸ್ತಿಲಲ್ಲಿ ನಿಂತು ಗಂಡನಿಗೆ ಪಾಠ ಹೇಳಿದಳು.

“ರೀ, ನಾ ಬರೂದರಾಗ ಒಂದ ಸಲ ಒರಸಿಡ್ರಿ. ಮೆತ್ತನ್ನ ಅರಿವಿ, ನೀರಾಗ ಎದ್ದಿ ಗಟ್ಟಿ ಹಿಂಡ್ರಿ. ಗೆರಿ ಹೆಂಗ ಓಡ್ಯಾವ ಹಂಗ ಒರಸ್ರಿ. ಹಿಂದ ಒಣ ಅರಿವಿ. ಮುಗೀತು.”

“ಇಷ್ಟೇ ಏನು?”

“ಇಷ್ಟ. ಇದಕ್ಕಿಂತ ಜಾಸ್ತಿ ಏನೂ ಮಾಡಬ್ಯಾಡ್ರಿ. ನಿಮ್ಮ ಪುಣ್ಯಾ.”

“ನನಗ ಹೇಳ್ತೀಯಾ?” ಎಂದ ಕೊಟ್ರೇಶ. ಮನುಷ್ಯನ ಬಹಳಷ್ಟು ಕಷ್ಟಗಳು ಈ ಎರಡು ಶಬ್ದಗಳ ನಂತರವೇ ಶುರುವಾಗುತ್ತವೆ.

ಒಲೆಯ ಪಕ್ಕದ ಬಾಗಿಲು ಒಗ್ಗರಣೆಯ ಹೊಗೆಗೆ ಸ್ವಲ್ಪ ಮಬ್ಬಾಗಿ ಕಂಡಿತು. ಒರೆಸಿದ, ಅವನ ಕಣ್ಣಿಗೆ ಹೊಳೆಯಲಿಲ್ಲ. ಹಿಂದಿನ ದಿನ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದ. ಯಾವುದೋ ದೇಶದ ಗಡ್ಡದವನೊಬ್ಬ ಕಟ್ಟಿಗೆಗೆ ಎಣ್ಣೆ ತಿಕ್ಕುತ್ತಿದ್ದ, ಕಟ್ಟಿಗೆ ಕನ್ನಡಿಯಾಗುತ್ತಿತ್ತು. ಯಾವ ಎಣ್ಣೆ ಎಂಬುದನ್ನೂ ಅವನು ಹೇಳಿದ್ದ, ತನ್ನ ಭಾಷೆಯಲ್ಲಿ.

‘ಕೂಸಿಗೇ ಎಣ್ಣಿ ತಿಕ್ಕಿ ಬೆಳಸ್ತೀವಿ, ಕಟ್ಟಿಗಿಗೆ ಬ್ಯಾಡೇನು?’ ಎಂದುಕೊಂಡ ಕೊಟ್ರೇಶ. ಎಣ್ಣೆಗಳಲ್ಲೆಲ್ಲ ದಪ್ಪನೆಯದು ಔಡಲೆಣ್ಣೆ, ಅಂದರೆ ಹರಳೆಣ್ಣೆ. ದಪ್ಪ ಇದ್ದದ್ದು ಒಳ್ಳೆಯದೇ ಇರಬೇಕು. ತಲೆಗೆ ಹಚ್ಚಲು ಇಟ್ಟಿದ್ದ ಸೀಸೆ ತೆಗೆದ. ಅದರಲ್ಲಿ ಇದ್ದದ್ದು ಸ್ವಲ್ಪ. ಮೊದಲು ಎಲ್ಲ ಬಾಗಿಲಿಗೂ ಒಂದಿಷ್ಟಿಷ್ಟು ಹಚ್ಚಿಬಿಡೋಣ, ಆಮೇಲೆ ಅರಿವೆಯಲ್ಲಿ ಹರಡಿದರಾಯಿತು ಎಂದು ಅಂಗೈಗೆ ಸುರಿದುಕೊಂಡು ಬೆರಳು ಅದ್ದಿದ.

ಸ್ನಾನವಾಗಿತ್ತು. ಸೋಮವಾರವಾಗಿತ್ತು. ನಲವತ್ತು ವರ್ಷದಿಂದ ಅವನ ಬಲಗೈಗೆ ಬೆರಳು ಅದ್ದಿ ಎತ್ತಿದ ಮೇಲೆ ಒಂದೇ ಕೆಲಸ ಗೊತ್ತು. ಮೂರು ಬೆರಳು ತಾವಾಗಿ ಕೂಡಿದವು, ಕಣ್ಣು ತಾನಾಗಿ ಮುಚ್ಚಿತು, ‘ಓಂ ನಮಃ ಶಿವಾಯ’ ಎಂದು ತುಟಿ ತಾನಾಗಿ ಅಲುಗಿತು. ಎಡದಿಂದ ಬಲಕ್ಕೆ, ಬಾಗಿಲ ನಡುವೆ, ನೆಟ್ಟಗೆ ಮೂರು ಗೆರೆ. ಹೀಗೆ ಹನ್ನೊಂದು ಬಾಗಿಲಾಯಿತು. ಹನ್ನೆರಡನೆಯದು, ಸಿಂಕಿನ ಬದಿಯದು, ಅದಕ್ಕೆ ಬರುವಷ್ಟರಲ್ಲಿ ಎಣ್ಣೆ ತಳ ಮುಟ್ಟಿತು. ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ಕರೆಗಂಟೆ. ಎಣ್ಣೆಗೆ ಗಾಳಿ ಆಡಲಿ ಎಂದು ಹಿಂದಿನ ಕಿಟಕಿ ಪೂರಾ ತೆರೆದು ಕೊಟ್ರೇಶ ಹೊರಗೆ ಹೋದ.

ಬಂದವನು ವಾರ್ಡ್ ಆಫೀಸಿನ ಬಜಾರಪ್ಪ. ಕೈಯಲ್ಲಿ ಟ್ಯಾಬು, ಸರ್ವೆ. ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವುದು ಅವನ ಪದ್ಧತಿ.

“ಅನ್ನಾ, ಇಂಟ್ಲೋ ಎಂತಮಂದಿ? ಮಂದಿ ಎಷ್ಟು?”

“ಇಬ್ರು.”

“ಫ್ಯಾನು? ಫ್ರಿಜ್ಜು? ಎಮ್ಮಿ?”

ಉತ್ತರ ಒತ್ತಿದಂತೆಲ್ಲ ಟ್ಯಾಬು ಮತ್ತೆ ಮೊದಲಿನ ಪ್ರಶ್ನೆಗೆ ಹೋಗುತ್ತಿತ್ತು. ಕೊಟ್ರೇಶ ಮೂರು ಸಲ ಎಮ್ಮೆ ಇಲ್ಲವೆಂದು ಹೇಳುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ಇತ್ತ ಗಾಳಿಗೆ ಕಡೆಗೂ ದಿಕ್ಕು ಸಿಕ್ಕಿತು. ಮಿಲ್ಲಿನ ಕಡೆಯಿಂದ ಬೀಸಿ, ಹಿಂದಿನ ಕಿಟಕಿಯಲ್ಲಿ ತೂರಿ, ಹೊತ್ತು ತಂದದ್ದನ್ನೆಲ್ಲ ಅಡಿಗೆಮನೆಯಲ್ಲಿ ಇಳಿಸಿ ಹೋಯಿತು. ಪಾಲಿಶ್ ಆದ ಕಟ್ಟಿಗೆ ಎಣ್ಣೆ ಕುಡಿಯುವುದಿಲ್ಲ. ಮೇಲೆಯೇ ಜಿಗುಟಾಗಿ ನಿಂತಿತ್ತು, ಹತ್ತಿಯ ದಾರಿ ಕಾಯುತ್ತ.

ಹಿತ್ತಲ ಬಾಗಿಲಿಂದ ಪಾತ್ರೆ ತಿಕ್ಕುವ ಪೀರಮ್ಮ ಬಂದಳು. ಒಳಗೆ ಕಾಲಿಟ್ಟಳು. ಆಮೇಲೆ ಓಣಿಗೆಲ್ಲ ಕೇಳಿಸಿತು.

“ಅಮ್ಮೋ! ದೇವುಡಾ! ಅಯ್ಯಾರ, ಬರ್ರೀ! ನಿಮ್ಮ ಕಪಾಟು ವಿಭೂತಿ ಇಟ್ಕೊಂಡೈತಿ!”

ಕೊಟ್ರೇಶ ಓಡಿ ಬಂದ. ಅವನ ಹಿಂದೆ ಟ್ಯಾಬು ಎದೆಗೊತ್ತಿಕೊಂಡು ಬಜಾರಪ್ಪ. ಹನ್ನೊಂದು ಕಂದು ಬಾಗಿಲು; ಒಂದೊಂದರ ಹಣೆಯ ಮೇಲೂ ಮೂರು ಬೆಳ್ಳನೆಯ ಗೆರೆ. ತಿದ್ದಿ ಬರೆದ ಹಾಗೆ, ಮೃದುವಾಗಿ, ತುಸು ಉಬ್ಬಿ ನಿಂತಿವೆ. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು: ಎಲ್ಲರಿಗಿಂತ ಮೊದಲು ಕೈ ಮುಗಿದವನು ಕೊಟ್ರೇಶನೇ.

ಪೀರಮ್ಮ ಬೀದಿಗೆ ಹೋಗಿ ಬಂದಳು. ಗುಡಿಯಿಂದ ತಿರುಗುತ್ತಿದ್ದ ಹೆಂಗಸರು ಕೈಯಲ್ಲಿದ್ದ ಹಣ್ಣುಕಾಯಿಯ ಬುಟ್ಟಿಯೊಂದಿಗೆ ಹಾಗೇ ಒಳಗೆ ಬಂದರು. ಹೊಸ್ತಿಲ ಹೊರಗೆ ಚಪ್ಪಲಿ ರಾಶಿಯಾಯಿತು. ಯಾರೋ ಗ್ಯಾಸ್ ಒಲೆಯ ಮೇಲೆ ಊದಿನಕಡ್ಡಿ ಸಿಗಿಸಿದರು. ಇನ್ನಾರೋ ಗ್ರಾನೈಟ್ ಕಟ್ಟೆಗೆ ಕಾಯಿ ಒಡೆದರು. ಮಿಕ್ಸಿಗೂ ಒಂದು ಹೂ ಬಿತ್ತು.

“ಎಣಿಸ್ರಿ, ಎಣಿಸ್ರಿ,” ಎಂದಿತು ಒಂದು ದನಿ. “ಹನ್ನೊಂದು! ಏಕಾದಶ ರುದ್ರರು!”

“ಹೌದೌದು! ಹನ್ನೊಂದ!”

ಕಾವೇರಿಬಾಯಿಯವರು ಕನ್ನಡಕ ಏರಿಸಿ ಒಂದೊಂದೇ ಬಾಗಿಲು ನೋಡುತ್ತ ಬಂದರು. ಅವರದು ನಾಮ ಹಚ್ಚುವ ವೈಷ್ಣವ ಮಠದ ಶಿಷ್ಯರ ಮನೆತನ, ಗಂಡ ವಿಠ್ಠಲರಾಯರು ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಸಿಂಕಿನ ಬದಿಯ ಬರಿಹಣೆಯ ಬಾಗಿಲ ಮುಂದೆ ಬಂದು ನಿಂತರು.

“ಅಲ್ರೀ, ಬಾಗಿಲು ಹನ್ನೆರಡು ಅವ. ಇದೊಂದಕ್ಕ ಬಂದಿಲ್ಲ.”

“ಅದು ಎಂಜಲ ಕಡೀದು ಬಿಡ್ರಿ ಕಾವೇರಕ್ಕಾ.”

“ಎಂಜಲ ಅಂತ ಅಲ್ಲವಾ. ಹನ್ನೆರಡು ಅಂದ್ರ ದ್ವಾದಶ ನಾಮ. ಇದನ್ನ ನಮಗಂತ ಬಿಟ್ಟಾನ. ನೋಡಿಕೋತ ಇರ್ರಿ, ಸಂಜಿಗೆ ಇದರ ಮ್ಯಾಲೆ ಉದ್ದಕ ಒಂದು ನಾಮ ಏಳ್ತದ.” ಆಮೇಲೆ ತುಸು ಬೇಸರದಿಂದ, “ನಮ್ಮನ್ಯಾಗ ಏಳಂಗಿಲ್ಲ. ನಮ್ಮವರು ದುಡ್ಡು ಉಳಸಾಕ ಪ್ಲೈವುಡ್ ಹಾಕ್ಸ್ಯಾರ” ಎಂದರು.

ಬಜಾರಪ್ಪ ಟ್ಯಾಬಿನಲ್ಲಿ ಬೆರಳಾಡಿಸುತ್ತ ಚಿಂತೆಯಲ್ಲಿದ್ದ. “ಅನ್ನಾ, ಇದನ್ನ ಎಲ್ಲಿ ಬರೀಲಿ? ವಾಸದ ಮನಿ ಅಂತ ಬರದೀನಿ. ಗುಡಿ ಅಂತ ಬರದ್ರ ಗ್ಯಾಸ್ ಕನೆಕ್ಷನ್ ಕಮರ್ಷಿಯಲ್ ಆಗ್ತೈತಿ, ನೋಡ್ರಿ ಮತ್ತ.”

ಕೊಟ್ರೇಶ ಈ ಗದ್ದಲದಲ್ಲಿ ಭಕ್ತಿಯಿಂದ ಒಂದು ಬಾಗಿಲಿಗೆ ಹಣೆ ಹಚ್ಚಲು ಬಗ್ಗಿದ. ಮೂಗಿಗೆ ಔಡಲೆಣ್ಣೆಯ ವಾಸನೆ ಬಂತು. ಬೆರಳು ಗೆರೆಯನ್ನು ಮುಟ್ಟಿತು, ಇಪ್ಪತ್ತೆರಡು ವರ್ಷದ ರೂಢಿಯಂತೆ ಎಳೆ ಹಿಡಿದು ಎಳೆಯಿತು. ‘ಉದ್ದ ಎಳಿ. ಒಳ್ಳೇ ಮಾಲು’ ಎಂದಿತು ಅವನೊಳಗಿನ ಗುಮಾಸ್ತ. ಮರುಕ್ಷಣ ಅವನಿಗೆ ಎಲ್ಲವೂ ತಿಳಿಯಿತು.

ಎದ್ದು ನಿಂತು ಬಾಯಿ ತೆರೆದ. ಕೆಮ್ಮು ಬಂತು.

“ಪಾಪ, ಭಕ್ತಿಗೆ ಗಂಟಲ ಕಟ್ಟೇತಿ,” ಎಂದಳು ಪೀರಮ್ಮ ಕಣ್ಣೊರೆಸಿಕೊಳ್ಳುತ್ತ.

ಆಗ ಗುರುಶಾಂತಮ್ಮ ಗುಡಿಯಿಂದ ಬಂದಳು. ಹೊಸ್ತಿಲಲ್ಲಿ ಚಪ್ಪಲಿ ನೋಡಿ ಗಾಬರಿಯಾಗಿ, “ಯಾರಿಗೇನಾತು?” ಎಂದು ಒಳಗೆ ನುಗ್ಗಿದಳು. ಬಾಗಿಲುಗಳನ್ನು ನೋಡಿದಳು. ಸಿಂಕಿನ ಅಂಚಿನಲ್ಲಿ ಬೋರಲು ಬಿದ್ದ ಸೀಸೆ ನೋಡಿದಳು. ಕೊನೆಗೆ ಗಂಡನ ಮೂರು ಬೆರಳು ನೋಡಿದಳು. ಅವು ಇನ್ನೂ ಮಿರುಗುತ್ತಿದ್ದವು. ಕೇಳುವುದಕ್ಕೆ ಏನೂ ಉಳಿಯಲಿಲ್ಲ.

ಪಕ್ಕಕ್ಕೆ ಬಂದು ಮೆಲ್ಲಗೆ, “ನೀವು ಹೇಳ್ತೀರೋ, ನಾ ಹೇಳ್ಲೋ?” ಎಂದಳು.

“ಹೇಳ್ತೀನಿ ಮಾರಾಯ್ತಿ. ಮಂದಿ ಹೋಗ್ಲಿ.”

“ಮಂದಿ ಬರಾಕತ್ಯಾರ. ನಾ ಒಲಿ ಯಾವಾಗ ಹಚ್ಲಿ?”

ಮಂದಿ ನಿಜವಾಗಿಯೂ ಬರುತ್ತಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಬಿಳಿ ರುಮಾಲು, ಬಿಳಿ ಧೋತರ, ಹಣೆ ತುಂಬ ವಿಭೂತಿಯ ಸಿದ್ದಬಸಪ್ಪನವರು ಬಂದರು. ಕಪಾಟು ಹೇಗಿದೆ ಎಂದು ಪರೀಕ್ಷೆ ಮಾಡಲು ಹಳೆಯ ಕನ್ನಡಕವನ್ನೂ ಉಂಗುರದ ಗಂಟನ್ನೂ ತಂದಿದ್ದರು. ಕನ್ನಡಕ ಹಾಕಿಕೊಂಡರು. ಹನ್ನೊಂದು ಹಣೆಗಳು ಅವರ ಹಣೆಯನ್ನು ನೋಡಿದವು. ಮುದುಕರು ಕೈ ಮುಗಿದರು.

“ನಮ್ಮಪ್ಪ ಈ ಹಲಗಿ ಕೆಳಗ ಕುಂತು ಲಿಂಗಪೂಜಿ ಮಾಡ್ತಿದ್ದ,” ಎಂದರು. “ಅಳಿಯಂದ್ರ, ವರ್ಷ ಪೂರ್ತಿ ಏನು ಸೇವಾ ಮಾಡಿಯಪ್ಪ! ಇನ್ನ ನಾ ಪರೀಕ್ಷೆ ಮಾಡಾಂವ ಯಾರು?”

ಕೊಟ್ರೇಶ ಕೆಮ್ಮಿದ.

ಸಿದ್ದಬಸಪ್ಪನವರು ಗ್ರಾನೈಟ್ ಕಟ್ಟೆಯ ಮೇಲೆ ಗಂಟು ಬಿಚ್ಚಿದರು. ಹಿತ್ತಾಳೆ ಉಂಗುರಗಳು ಬಿಸಿಲಿಗೆ ಹೊಳೆದವು. ಪೀರಮ್ಮ ಎಣಿಸಿದಳು.

“ಹನ್ನೊಂದು! ಅಮ್ಮೋ, ಉಂಗುರಾನೂ ಹನ್ನೊಂದ!”

ಓಣಿಯೇ ‘ಹರ ಹರ’ ಎಂದಿತು. ಕಾವೇರಿಬಾಯಿಯವರೂ ಹನ್ನೆರಡನೆಯ ಬಾಗಿಲಿನಿಂದ ಎರಡು ಹೆಜ್ಜೆ ಈಚೆ ಸರಿದರು. ಗುರುಶಾಂತಮ್ಮ ಮಾತ್ರ ಹುಬ್ಬು ಗಂಟಿಕ್ಕಿ ಉಂಗುರಗಳನ್ನೇ ನೋಡಿದಳು. ಅವು ಹನ್ನೆರಡು ಇದ್ದದ್ದು ಅವಳಿಗೆ ಗೊತ್ತು.

“ಇನ್ನ ಇವು ನನ್ನ ಮಗಳವಲ್ಲ,” ಎಂದರು ಸಿದ್ದಬಸಪ್ಪನವರು. “ದೇವರ ಬಾಗಿಲ ಯಾರು ಎಳೀತಾರ? ಇವನ್ನ ಕರಗಿಸಿ ಒಂದು ಗಂಟಿ ಮಾಡಸ್ತೀನಿ. ಇಲ್ಲೇ ಕಟ್ಟೋಣ. ಗುರುಶಾಂತಾ, ನೀ ಹಿತ್ತಲದಾಗ ಒಂದು ಒಲಿ ಹಾಕ್ಕೋ.”

ಗುರುಶಾಂತಮ್ಮ ತಂದೆಗೂ ದೇವರಿಗೂ ಒಟ್ಟಿಗೆ ಎದುರಾಡುವ ಪೈಕಿಯವಳಲ್ಲ. ಒಂದು ಉಂಗುರದ ಮೇಲೆ ಬೆರಳಿಟ್ಟು ಹಿಂದಕ್ಕೆ ತೆಗೆದುಕೊಂಡಳು, ಅಷ್ಟೆ. ಆಗ ಕೊಟ್ರೇಶನಿಗೆ ಆ ಬೆರಳು ಕಂಡಿತು. ವರ್ಷವೆಲ್ಲ ಲಾಡಿ ಎಳೆದೆಳೆದು ತೋರುಬೆರಳಿನ ಗೆಣ್ಣಿಗೆ ಒಂದು ಗೆರೆ ಬಿದ್ದಿತ್ತು. ಹನ್ನೊಂದು ಬಾಗಿಲ ಮೂವತ್ಮೂರು ಗೆರೆಗಳಿಗಿಂತ ಆ ಒಂದು ಗೆರೆ ಅವನ ಕಣ್ಣಿಗೆ ದೊಡ್ಡದಾಗಿ ಕಂಡಿತು.

“ಮಾವಾರ,” ಎಂದ. ಕೆಮ್ಮು ಬಂತು, ನುಂಗಿದ. “ಇದು ಔಡಲೆಣ್ಣಿ.”

“ಯಾವದು?”

“ಇದು. ಎಣ್ಣಿ ನಾ ಹಚ್ಚೀನಿ. ಹತ್ತಿ ಗಾಳಿ ತಂದೈತಿ. ದೇವರು ಏನೂ ಮಾಡಿಲ್ಲ ರೀ, ಆತನ ಮ್ಯಾಲೆ ಹಾಕಬ್ಯಾಡ್ರಿ.”

ಅಡಿಗೆಮನೆ ಮುನಿಸಿಕೊಂಡಿತು. “ದೇವರು ತಾನಾಗಿ ಬಂದ್ರ ಒಲ್ಲೆ ಅಂತಾನ ನೋಡ್ರಿ!” ಎಂದರು ಯಾರೋ. “ವಿನಯಕ್ಕ ಹಂಗಂತಾನ,” ಎಂದರು ಇನ್ನೊಬ್ಬರು. ಸಿದ್ದಬಸಪ್ಪನವರೂ ತಲೆ ಆಡಿಸಿದರು. “ಇಷ್ಟು ನೆಟ್ಟನ ಗೆರಿ ಮನಶ್ಯಾ ಹಾಕಾಕ ಆಗಂಗಿಲ್ಲಪ್ಪ.”

ಇದು ಕೊಟ್ರೇಶನ ಬಾಳಿನಲ್ಲಿ ಒಂದು ವಿಚಿತ್ರ ಗಳಿಗೆ. ಸುಳ್ಳು ಹೇಳಿದಾಗಲೆಲ್ಲ ನಂಬಿದ್ದ ಜನ, ನಿಜ ಹೇಳಿದಾಗ ನಂಬದೆ ಹೊಗಳತೊಡಗಿದ್ದರು. ಅವನು ಸೀಸೆ ಎತ್ತಿ ತಳದ ನಾಲ್ಕು ಹನಿ ಅಂಗೈಗೆ ಬಸಿದುಕೊಂಡ. ಹನ್ನೆರಡನೆಯ ಬಾಗಿಲ ಮುಂದೆ ನಿಂತ. ಮೂರು ಬೆರಳು ಅದ್ದಿದ, ಕಣ್ಣು ಮುಚ್ಚಿದ. ಎಡದಿಂದ ಬಲಕ್ಕೆ, ಬಾಗಿಲ ನಡುವೆ, ನೆಟ್ಟಗೆ ಮೂರು ಗೆರೆ.

ಪೀರಮ್ಮ ತನ್ನ ಕೂದಲಿಗೆ ಅಂಟಿದ್ದ ಹತ್ತಿಯನ್ನು ಕಿತ್ತು ಅಂಗೈಯಲ್ಲಿಟ್ಟು ‘ಉಫ್’ ಎಂದು ಊದಿದಳು. ಎಳೆಗಳು ತೇಲಿ ಹೋಗಿ ಗೆರೆಯ ಮೇಲೆ ಕೂತವು. ಹನ್ನೆರಡನೆಯ ರುದ್ರ ಎಲ್ಲರ ಕಣ್ಣೆದುರಿಗೇ ಹುಟ್ಟಿದ.

“ಅಯ್ಯೋ!” ಎಂದರು ಕಾವೇರಿಬಾಯಿ. “ನಮ್ಮದೂ ಒಯ್ದಿರೇನ್ರೀ!”

ಮೊದಲು ನಕ್ಕವರು ಸಿದ್ದಬಸಪ್ಪನವರು. ರುಮಾಲು ಜಾರುವಂತೆ ನಕ್ಕರು. ಆಮೇಲೆ ಪೀರಮ್ಮ, ಆಮೇಲೆ ಓಣಿ. ಕಾಯಿ ಒಡೆದವರು ಮಾತ್ರ ಮುಖ ಸಣ್ಣಗೆ ಮಾಡಿದಾಗ ಪೀರಮ್ಮ ಹೋಳುಗಳನ್ನು ಒಟ್ಟುಮಾಡುತ್ತ, “ವಿಭೂತಿ ಸುಳ್ಳಾದ್ರೇನು, ಕಾಯಿ ಖರೇನ ಅಲ್ಲೇನ್ರಿ? ಬರ್ರಿ, ಕೈ ಒಡ್ರಿ” ಎಂದು ಹಂಚಿದಳು. ಬಜಾರಪ್ಪ ಟ್ಯಾಬಿನಲ್ಲಿ ‘ವಾಸದ ಮನೆ’ಯನ್ನೇ ಖಾಯಂ ಮಾಡಿ ಒತ್ತಿದ. ಟ್ಯಾಬು ಎಮ್ಮೆ ಎಷ್ಟೆಂದು ಕೇಳಿತು.

ನಗೆ ನಿಂತ ಮೇಲೆ ಸಿದ್ದಬಸಪ್ಪನವರು ಕನ್ನಡಕ ಒರೆಸಿಕೊಂಡರು.

“ಅಳಿಯಂದ್ರ, ವಾರಕ್ಕೊಮ್ಮಿ ನಾನ ನೋಡ್ಕೋತೀನಿ ಅಂತಿದ್ದಿ. ಹಿಂಗ ಏನು?”

“ಅದೂ ಸುಳ್ಳು ಮಾವಾರ. ಆಕಿ ಒರಸ್ತಾಳ. ನಾ ಫೋನಿನಾಗ ಒರಸ್ತೀನಿ.” ಉಸಿರು ತೆಗೆದುಕೊಂಡು ಅಂದ: “ಕಟ್ಟಿಗಿ ಹೆಂಗ ನೋಡ್ಕೋಬೇಕು ಅಂತ ನನಗ ಗೊತ್ತಿಲ್ಲ.”

ಕೆಮ್ಮು ಬರಲಿಲ್ಲ. ಅವನೇ ಒಂದು ಕ್ಷಣ ಕಾದು ನೋಡಿದ, ಬರಲೇ ಇಲ್ಲ.

ಗುರುಶಾಂತಮ್ಮ ಬೆಚ್ಚಗಿನ ನೀರಿಗೆ ಅಂಟುವಾಳಕಾಯಿಯ ನೊರೆ ಬೆರೆಸಿದಳು. ಹಳೆಯ ಧೋತರದ ಚೂರು ಎದ್ದಿ, ನೀರಿನ ಹನಿ ಉಳಿಯದಂತೆ ಹಿಂಡಿದಳು. ಹನ್ನೆರಡನೆಯ ಬಾಗಿಲಿನಿಂದ ಶುರು ಮಾಡಿ, ಕಟ್ಟಿಗೆಯ ಗೆರೆ ಎತ್ತ ಓಡಿದೆಯೋ ಅತ್ತ, ಕೂಸಿನ ಬೆನ್ನು ಸವರಿದ ಹಾಗೆ ಒರೆಸಿದಳು. ಹಿಂದೆಯೇ ಒಣ ಅರಿವೆ. ಹತ್ತಿ ಹೋಯಿತು, ಎಣ್ಣೆ ಹೋಯಿತು, ಒಳಗಿನಿಂದ ಜೇನಿನ ಬಣ್ಣದ ಸಾಗವಾನಿ ಮೆಲ್ಲಗೆ ಎದ್ದು ಬಂತು. ವರ್ಷವೆಲ್ಲ ಕೈ ಆಡಿದ ಕಟ್ಟಿಗೆಯ ಹೊಳಪು ಬೇರೆಯೇ ಇರುತ್ತದೆ. ಅದಕ್ಕೆ ಸಾಕ್ಷಿ ಬೇಕಾಗುವುದಿಲ್ಲ.

“ಹಿಂಗ ಒರಸೂದು ಯಾರು ಕಲಿಸಿದ್ರು?” ಎಂದರು ತಂದೆ.

“ಅವ್ವ ಒರಸ್ತಿದ್ಲಲ್ಲ. ನಾ ನೋಡ್ತಿದ್ದೆ.”

ಮುದುಕರು ಗೋಡೆಯ ಕಡೆ ತಿರುಗಿ ರುಮಾಲು ಸರಿಮಾಡಿಕೊಂಡರು. ಅದು ಸರಿಯಾಗಿಯೇ ಇತ್ತು.

ಉಳಿದ ಹನ್ನೊಂದಕ್ಕೆ ಓಣಿಯೇ ಕೈ ಹಚ್ಚಿತು. ಕಾವೇರಿಬಾಯಿಯವರು ಒಣ ಅರಿವೆ, ಪೀರಮ್ಮ ಹಸಿ ಅರಿವೆ. ಕೊಟ್ರೇಶನ ಕೈಗೂ ಒಂದು ಚೂರು ಸಿಕ್ಕಿತು. “ಗಟ್ಟಿ ಹಿಂಡ್ರಿ,” ಎಂದಳು ಹೆಂಡತಿ. ಹಿಂಡಿದ. “ಇನ್ನೂ ಗಟ್ಟಿ.” ಇನ್ನೂ ಹಿಂಡಿದ. “ಗೆರಿ ಯಾಕಡೆ ಓಡೈತಿ?” ಎಂದಾಗ, ಬಹಳ ಹೊತ್ತು ನೋಡಿ, “ಗೊತ್ತಿಲ್ಲ, ತೋರ್ಸು,” ಎಂದ. ಆ ಮಾತಿನ ರುಚಿ ಹತ್ತಿಬಿಟ್ಟಿತ್ತು ಅವನಿಗೆ. ಆಮೇಲೆ ಒಂದು ವಾರ, ಗೊತ್ತಿದ್ದುದಕ್ಕೂ ಅದನ್ನೇ ಹೇಳುತ್ತಿದ್ದನೆಂದು ಮಂಡಿಯವರು ದೂರುತ್ತಾರೆ.

ಕಿಟಕಿ ಹಾಕಿಯೇ ಒರೆಸಿದರು, ಅಷ್ಟು ಬುದ್ಧಿ ಎಲ್ಲರಿಗೂ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಕಪಾಟು ಹೊಳೆಯಿತು, ಜನ ಚದುರಿದರು. ಉಪವಾಸದವರಿಗೆ ಬಾಳೆಹಣ್ಣು, ಹಾಲು ಆಯಿತು.

ಸಿದ್ದಬಸಪ್ಪನವರು ಹೊರಡಲು ಎದ್ದರು. ಉಂಗುರದ ಗಂಟು ಕಟ್ಟೆಯ ಮೇಲೆಯೇ ಬಿಚ್ಚಿಕೊಂಡಿತ್ತು, ಅದನ್ನು ತಿರುಗಿ ಕಟ್ಟಲಿಲ್ಲ. ಗುರುಶಾಂತಮ್ಮ ಲಾಡಿಗಳನ್ನು ಒಂದೊಂದೇ ಬಿಚ್ಚುತ್ತಿದ್ದಳು. ಹನ್ನೊಂದು ಬಿಚ್ಚಿ, ಹನ್ನೆರಡನೆಯದರ ಮುಂದೆ ಕೈ ನಿಂತಿತು.

ಸಿದ್ದಬಸಪ್ಪನವರು ಅಂಗಿ ಎತ್ತಿ ಉಡಿದಾರಕ್ಕೆ ಕೈ ಹಾಕಿದರು. ಬೀಗದ ಕೈಯ ಜೊತೆ ಅಲ್ಲಿ ಇನ್ನೊಂದು ಉಂಗುರ ಕಟ್ಟಿತ್ತು, ಉಳಿದವಕ್ಕಿಂತ ತೆಳ್ಳಗೆ ಸವೆದದ್ದು. ಹಳೆಯ ಮನೆಯಲ್ಲಿ ಅದು ಉಪ್ಪಿನ ಗೂಡಿನದು. ತೀರಿಕೊಂಡ ಹೆಂಡತಿಯ ಕೈ ಎಲ್ಲಕ್ಕಿಂತ ಹೆಚ್ಚು ಆಡಿದ್ದು ಅದರ ಮೇಲೆ. ಗಂಟು ಬಿಚ್ಚಲು ಮುದುಕರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಧೋತರದ ಚುಂಗಿನಲ್ಲಿ ಒಂದು ಸಲ ಒರೆಸಿದರು. ಮಗಳ ಕೈ ಹಿಡಿದು ಅಂಗೈಯಲ್ಲಿ ಅದನ್ನಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಹೊರಗೆ ಹೋಗಿ ಚಪ್ಪಲಿ ಹುಡುಕತೊಡಗಿದರು.